ಸಾಲ್ವಡಾರ್‌ನ ಆ ಅಜ್ಜನಿಗೆ

ಹದಿನೈದು ವರ್ಷ ಮೃದಂಗ ಕಲಿತವನು ನಾನು. ಲೆಕ್ಕ ಪಕ್ಕಾ ಅನ್ನುವ ಜಂಬ ಸ್ವಲ್ಪ ಜಾಸ್ತಿಯೇ ಇತ್ತು. ಬ್ರೆಜಿಲ್‌ನ ಸಾಲ್ವಡಾರ್‌ನಲ್ಲಿ, ಆಫ್ರಿಕಾ ಮೂಲದ ಕಾಂಡೊಂಬ್ಲೆ ಧರ್ಮದ ಪೂಜೆ ನಡೆಯುವ ಮನೆಯಲ್ಲಿ ಅಟಬಾಕಿ ಎಂಬ ಡೋಲುಗಳು ಕಂಡ ಕೂಡಲೇ ಕೈ ಚಾಚಿದೆ. ನೀವು ಮೆಲ್ಲಗೆ ತಡೆದಿರಿ. ಅವು ದೇವರ ವಾದ್ಯ, ಕೇಳದೆ ಮುಟ್ಟುವಂತಿಲ್ಲ. ಬೈಯಲಿಲ್ಲ. ಹೊರಗೆ ಕೂರಿಸಿ ಕೈಗೆ ಅಗೊಗೊ ಗಂಟೆ ಕೊಟ್ಟಿರಿ. ಒಂದೇ ನಡೆ, ಗಂಟೆಗಟ್ಟಲೆ!

ಆಮೇಲೆ ಒಳಗಿನ ವಾದನ ಕಿವಿಗೆ ಬಿಡಿಸಿಕೊಂಡಿತು. ಅಟಬಾಕಿಗಳಲ್ಲಿ ಚಿಕ್ಕವಾದ ಲೆ, ರುಂಪಿ ಎರಡೂ ಗಂಟೆಯ ಜೊತೆ ನಡೆ ಹಿಡಿದಿರುತ್ತವೆ. ದೊಡ್ಡದಾದ ರುಂ ಕುಣಿಯುವವರ ಹೆಜ್ಜೆ ನೋಡಿ ಮಾತಾಡುತ್ತದೆ. ಭರತನಾಟ್ಯಕ್ಕೆ ನುಡಿಸಿದ ನನಗೆ ಇದು ಮೊದಲೇ ಹೊಳೆಯಬೇಕಿತ್ತು, ಅಲ್ವಾ?

ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ತುಂಬಾ ಥ್ಯಾಂಕ್ಸ್ ಅಜ್ಜ. ಆ ನಡೆ ಈಗಲೂ ಒಂದೊಂದು ಸಲ ತಪ್ಪುತ್ತದೆ.