ಲಿವರ್ ಕಸಿಯಾದ ಮಕ್ಕಳ ಗುಳಿಗೆ ನಿಲ್ಲಿಸುವ ಮುನ್ನ

ಮಾನ್ಯ ಸಂಪಾದಕರೇ,

ರೋಗನಿರೋಧಕ ವ್ಯವಸ್ಥೆಯು ಸ್ವಂತ ದೇಹದ ಮೇಲೆಯೇ ಎರಗದಂತೆ ತಡೆಯುವ ನಿಯಂತ್ರಕ ಟಿ ಕೋಶಗಳ ಸಂಶೋಧನೆಗಾಗಿ ಮೇರಿ ಬ್ರಂಕೋವ್, ಫ್ರೆಡ್ ರಾಮ್ಸ್‌ಡೆಲ್ ಮತ್ತು ಶಿಮೊನ್ ಸಕಾಗುಚಿ ಅವರಿಗೆ 2025ರ ವೈದ್ಯಕೀಯ ನೊಬೆಲ್ ಸಂದ ಮೇಲೆ, ಕಸಿಯಾದ ಅಂಗವನ್ನು ದೇಹ ತಿರಸ್ಕರಿಸದಂತೆ ದಿನವೂ ನುಂಗುವ ಗುಳಿಗೆಯೇ ಇನ್ನು ಬೇಡವೆಂಬ ಸಂದೇಶಗಳು ಮೊಬೈಲ್‌ಗಳಲ್ಲಿ ಹರಿದಾಡುತ್ತಿವೆ. ಇಲ್ಲಿನ ನವನಗರದಲ್ಲಿ ಔಷಧ ಅಂಗಡಿ ನಡೆಸುವ ನನ್ನ ಬಳಿ ತಾಯಿಯೊಬ್ಬರು ಅಂಥದೇ ಸಂದೇಶ ತೋರಿಸಿ, "ಕೂಸು ಸಾಲಿಗಿ ಹೊಂಟೈತಿ, ಉಂಡು ಆಡಿಕೊಂಡು ಆರಾಮ ಐತಿ, ಇನ್ನೂ ಎಷ್ಟು ದಿನಾರಿ ಈ ಗುಳಿಗಿ?" ಎಂದು ಕೇಳಿದರು. ಮಗುವಿನಲ್ಲಿರುವುದು ಅವರದೇ ಲಿವರಿನ ಭಾಗ.

ಅವರ ಆಸೆ ಹುಸಿಯಲ್ಲ. ಕರುಳಿನಿಂದ ಬರುವ ಆಹಾರದ ಅಂಶಗಳನ್ನೂ ಬ್ಯಾಕ್ಟೀರಿಯಾದ ಕಣಗಳನ್ನೂ ದಿನವಿಡೀ ಎದುರುಗೊಳ್ಳುವ ಯಕೃತ್ತಿಗೆ ಹೊರಗಿನದನ್ನು ಸೈರಿಸಿಕೊಳ್ಳುವ ಗುಣ ಉಳಿದ ಅಂಗಗಳಿಗಿಂತ ಹೆಚ್ಚು. ಅಮೆರಿಕದ ಸ್ಯಾಂಡಿ ಫೆಂಗ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಂದೆ ಅಥವಾ ತಾಯಿಯಿಂದ ಲಿವರ್ ಪಡೆದ 20 ಮಕ್ಕಳ ಔಷಧವನ್ನು ಕನಿಷ್ಠ 36 ವಾರಗಳ ಕಾಲ ಹಂತಹಂತವಾಗಿ ಇಳಿಸಲಾಯಿತು. ಅವರಲ್ಲಿ 12 ಮಕ್ಕಳ ಲಿವರ್ ಔಷಧವಿಲ್ಲದೆಯೇ ಒಂದು ವರ್ಷಕ್ಕೂ ಮೀರಿ ಚೆನ್ನಾಗಿ ಕೆಲಸ ಮಾಡಿತು. ಆದರೆ ಆ ಬಳಿಕ 88 ಮಕ್ಕಳ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ಹೀಗೆ ಗೆದ್ದವರು 33 ಮಕ್ಕಳು ಮಾತ್ರ. ಮೊಬೈಲ್ ಸಂದೇಶಗಳು ಈ ಎರಡನೆಯ ಲೆಕ್ಕವನ್ನು ಹೇಳುವುದೇ ಇಲ್ಲ. ಆ ಅಧ್ಯಯನಕ್ಕೆ ಆಯ್ಕೆಯಾದವರೆಲ್ಲ ಕಸಿಯಾಗಿ ವರ್ಷಗಳು ಕಳೆದ, ರಕ್ತಪರೀಕ್ಷೆ ಸರಿಯಿದ್ದ, ಬಯಾಪ್ಸಿಯಲ್ಲೂ (ಲಿವರಿನ ಚೂರು ತೆಗೆದು ನೋಡುವ ಪರೀಕ್ಷೆ) ತೇರ್ಗಡೆಯಾದ ಮಕ್ಕಳು. ರಕ್ತಪರೀಕ್ಷೆ ಸರಿಯಿದ್ದರೂ ಬಯಾಪ್ಸಿಯಲ್ಲಿ ಉರಿಯೂತ ಕಂಡು ಆಯ್ಕೆಯಾಗದೆ ಹೋದವರೂ ಇದ್ದರು. ಮಗು ಆಡಿಕೊಂಡಿದೆ ಎಂಬುದರಿಂದ ಒಳಗಿನ ಸ್ಥಿತಿ ತಿಳಿಯದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಈ ಗುಳಿಗೆಯನ್ನು, ಅಂದರೆ ಟ್ಯಾಕ್ರೋಲಿಮಸನ್ನು, ವರ್ಷಗಟ್ಟಲೆ ನುಂಗಿದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು, ಸೋಂಕು ಬೇಗ ತಗಲುತ್ತದೆ, ಕೆಲವರಲ್ಲಿ ದುಗ್ಧಗ್ರಂಥಿಗಳ ಕ್ಯಾನ್ಸರ್ ಕೂಡ ಬರಬಹುದು. ಆದ್ದರಿಂದ ಪಾಲಕರ ಆತಂಕವನ್ನು ಯಾರೂ ಹಗುರವಾಗಿ ಕಾಣಬಾರದು. ಕಸಿ ತಂಡದ ಮುಂದೆ ಈ ಪ್ರಶ್ನೆಯನ್ನು ಧೈರ್ಯವಾಗಿ ಇಡಿ, ಪ್ರಮಾಣ ಇಳಿಸಲು ಸಾಧ್ಯವೇ ಎಂದು ಕೇಳಿ. ಮನೆಯಲ್ಲಿ ಕುಳಿತು ಒಂದು ಹೊತ್ತಿನ ಗುಳಿಗೆಯನ್ನೂ ಬಿಡಬೇಡಿ ಎಂಬುದೇ ನನ್ನ ಕಳಕಳಿಯ ವಿನಂತಿ.

ನಮ್ಮ ವೃತ್ತಿಯವರ ಹೊಣೆಯೂ ಇದರಲ್ಲಿದೆ. ಕೆಮ್ಮೆಂದು ಕ್ಲಾರಿಥ್ರೊಮೈಸಿನ್, ಹುಳುಕಡ್ಡಿಯೆಂದು ಫ್ಲುಕೊನಜೋಲ್ ಕೊಟ್ಟರೆ ರಕ್ತದಲ್ಲಿ ಟ್ಯಾಕ್ರೋಲಿಮಸ್ ಏರುತ್ತದೆ; ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಅದನ್ನು ಪಾತಾಳಕ್ಕಿಳಿಸಿ, ದೇಹವು ಲಿವರನ್ನು ತಿರಸ್ಕರಿಸಲು ದಾರಿ ಮಾಡಿಕೊಡುತ್ತದೆ. ಮಗುವಿಗೆ ಕಸಿಯಾಗಿದೆಯೇ ಎಂದು ಕೌಂಟರಿನಲ್ಲಿ ಕೇಳದೆ ಇಂಥ ಔಷಧ ಕೊಡುವುದು ಅಪರಾಧಕ್ಕೆ ಸಮ. ಪಲ್ಸ್ ಪೋಲಿಯೊ ಹನಿಯಲ್ಲಿರುವುದು ಜೀವಂತ ವೈರಾಣು; ನಿರೋಧಕ ಶಕ್ತಿ ತಗ್ಗಿದ ಮಕ್ಕಳಿಗೆ ಅದು ಅಪಾಯವಾಗಬಹುದಾದ್ದರಿಂದ ಆಶಾ ಕಾರ್ಯಕರ್ತೆಯರಿಗೂ ಇಂಥ ಮಕ್ಕಳ ಮನೆಗಳು ಗೊತ್ತಿರಬೇಕು.

ಇನ್ನೊಂದು ಕಷ್ಟವಿದೆ. ರಕ್ತದಲ್ಲಿನ ಔಷಧದ ಮಟ್ಟ ಅಳೆಯಲು ಬೆಳಗಿನ ಗುಳಿಗೆಗೆ ಮುನ್ನವೇ ರಕ್ತ ತೆಗೆಯಬೇಕು. ನಮ್ಮ ಭಾಗದ ಪಾಲಕರು ಇದಕ್ಕಾಗಿ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ಗುಳಿಗೆಯನ್ನು ಚೀಲದಲ್ಲಿಟ್ಟುಕೊಂಡು, ನಿದ್ದೆಗೆಟ್ಟ ಕೂಸನ್ನು ಮಡಿಲಲ್ಲಿ ಹೊತ್ತು ಸಾಲಿನಲ್ಲಿ ಕೂಡುತ್ತಾರೆ. ಕೂಲಿ ಬಿಟ್ಟು ಹೋಗಲಾರದವರು ಪರೀಕ್ಷೆಯನ್ನೇ ಮುಂದೂಡುತ್ತಾರೆ. ಬಾಗಲಕೋಟೆ, ವಿಜಯಪುರ, ಬೆಳಗಾವಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಮಕ್ಕಳ ರಕ್ತದ ಮಾದರಿಯನ್ನು ನಿಗದಿತ ದಿನ ಮುಂಜಾನೆ ಉಚಿತವಾಗಿ ಪಡೆದು, ಪರೀಕ್ಷೆಗೆ ಕಳಿಸಿ, ಫಲಿತಾಂಶವನ್ನು ನೇರವಾಗಿ ಕಸಿ ವೈದ್ಯರಿಗೆ ಮುಟ್ಟಿಸುವ ವ್ಯವಸ್ಥೆಯನ್ನು ಆರೋಗ್ಯ ಇಲಾಖೆ ಕೂಡಲೇ ಮಾಡಬೇಕು.

— ಔಷಧ ವ್ಯಾಪಾರಿ, ನವನಗರ, ಬಾಗಲಕೋಟೆ