ಎಫ್‌ಎಂ ಮಾರಾಟದ ಗಾಳಿಮಾತು: ಮುಂಗಡ ಕೊಟ್ಟವರು ನೋಡಬೇಕಾದದ್ದು

ಸಂಪಾದಕರಿಗೆ,

ಮಾನ್ಯರೇ,

ಬೆಂಗಳೂರಿನ ಖಾಸಗಿ ಎಫ್‌ಎಂ ಕೇಂದ್ರವೊಂದು ಸಾಲದಲ್ಲಿ ಸಿಕ್ಕಿಕೊಂಡಿದೆಯಂತೆ, ಇಷ್ಟರಲ್ಲೇ ಕೈ ಬದಲಾಗುತ್ತದಂತೆ ಎಂಬ ಮಾತು ನಮ್ಮ ಜಿಲ್ಲೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಬೆಂಗಳೂರಿನ ರೇಡಿಯೊಕ್ಕೂ ಕಾರವಾರಕ್ಕೂ ಏನು ಸಂಬಂಧ ಎನ್ನುವಂತಿಲ್ಲ. ಗೋಕರ್ಣ, ಮುರ್ಡೇಶ್ವರ, ದಾಂಡೇಲಿ ಕಡೆಯ ರೆಸಾರ್ಟ್, ಹೋಮ್‌ಸ್ಟೇಗಳಿಗೆ ವಾರಾಂತ್ಯದ ಗಿರಾಕಿ ಬರುವುದೇ ಆ ಊರಿನಿಂದ. ಮಳೆ ನಿಂತ ಮೇಲಿನ ಸೀಸನ್ನಿಗೆ ಮಳೆಗಾಲದಲ್ಲೇ ಜಾಹೀರಾತಿನ ಮುಂಗಡ ಕಟ್ಟುವವರು ಇಲ್ಲಿ ಕಡಿಮೆಯೇನಿಲ್ಲ. ಈಗ ಅವರಲ್ಲಿ ಕೆಲವರು ಗಾಬರಿಬಿದ್ದು ಓಡುತ್ತಿರುವ ಜಾಹೀರಾತನ್ನು ಅರ್ಧಕ್ಕೇ ನಿಲ್ಲಿಸಿ ಹಣ ವಾಪಸ್ ಕೇಳುತ್ತಿದ್ದಾರೆ. ರೇಡಿಯೊ ಜಾಹೀರಾತು ಬುಕಿಂಗ್ ಮಾಡುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಕೇಂದ್ರದ ಹೆಸರು ಹಾಕಿಲ್ಲ. ದಾಖಲೆಯಿಲ್ಲದ ಮಾತಿಗೆ ಹೆಸರು ಅಂಟಿಸಿದರೆ ವಾಟ್ಸ್‌ಆ್ಯಪ್ ಗುಂಪಿಗೂ ಪತ್ರಿಕೆಗೂ ವ್ಯತ್ಯಾಸ ಉಳಿಯುವುದಿಲ್ಲ.

ಮೊದಲಿಗೆ, ‘ಸ್ಟೇಷನ್ ಬಂದ್ ಆಗಿದೆ, ಬೇಕಾದರೆ ಮೊಬೈಲಲ್ಲಿ ಹಾಕಿ ನೋಡಿ’ ಎಂಬ ಸಂದೇಶ. ಎಫ್‌ಎಂ ಅಲೆಗೆ ಅಡೆತಡೆಯಿಲ್ಲದ ನೇರ ದಾರಿ ಬೇಕು. ಗೋಪುರ ಎಷ್ಟೇ ಎತ್ತರವಿರಲಿ, 50–60 ಕಿ.ಮೀ. ದಾಟಿದ ಮೇಲೆ ನೆಚ್ಚುವಂತಿಲ್ಲ. ನಡುವೆ ಘಟ್ಟ ಬೇರೆ. ಹಾಗಾಗಿ ಕರಾವಳಿಯಲ್ಲಿ ಕುಳಿತವರಿಗೆ ಬೆಂಗಳೂರಿನ ಕೇಂದ್ರ ಕೇಳುವುದು ಇಂಟರ್‌ನೆಟ್ಟಿನಲ್ಲಿ ಮಾತ್ರ, ಮತ್ತು ಅದು ಗೋಪುರದ ಪ್ರಸಾರವಲ್ಲ. ಹಾಡಿನ ಹಕ್ಕಿನ ಲೆಕ್ಕವೂ ಬೇರೆ. ಕೃತಿಸ್ವಾಮ್ಯ ಕಾಯ್ದೆಯ 31ಡಿ ಕಲಮಿನ ಪರವಾನಗಿ (ನಿಗದಿತ ರಾಯಧನ ಕಟ್ಟಿ ಹಾಡು ಪ್ರಸಾರ ಮಾಡುವ ಹಕ್ಕು) ಇಂಟರ್‌ನೆಟ್ ಪ್ರಸಾರಕ್ಕೆ ಸಲ್ಲುವುದಿಲ್ಲ ಎಂದು ಬಾಂಬೆ ಹೈಕೋರ್ಟ್ 2019ರಲ್ಲೇ ಹೇಳಿದೆ. ಅಂದರೆ ಆ್ಯಪ್‌ನಲ್ಲಿ ಹಾಡು ಬಿಡಲು ಮ್ಯೂಸಿಕ್ ಕಂಪನಿಗಳ ಜತೆ ಪ್ರತ್ಯೇಕ ಒಪ್ಪಂದ ಬೇಕು, ಪ್ರತ್ಯೇಕ ಹಣ ಬೇಕು. ಖರ್ಚು ಕಡಿಮೆ ಮಾಡಲು ಹೊರಟ ಕಂಪನಿಗೆ ಸುಲಭವಾಗಿ ಕೈಬಿಡಬಹುದಾದದ್ದು ಇದೇ. ಆ್ಯಪ್ ಮೌನವಾದ ಮಾತ್ರಕ್ಕೆ ಕೇಂದ್ರ ಮುಚ್ಚಿತು ಎಂದು ತೀರ್ಮಾನಿಸಬೇಡಿ.

ನಿಜ ತಿಳಿಯಬೇಕಿದ್ದರೆ ಬೆಂಗಳೂರಿನಲ್ಲಿರುವ ನೆಂಟರಿಗೆ ಫೋನ್ ಮಾಡಿ, ಕಾರಿನ ರೇಡಿಯೊ ಹಾಕಿ ನೋಡಲು ಹೇಳಿ. ಕೇಂದ್ರದ ತರಂಗಾಂತರದ ಸಂಖ್ಯೆಯಲ್ಲಿ ಬರೀ ‘ಸ್ಸ್...’ ಎಂಬ ಸದ್ದು ಬಂದರೆ ಟ್ರಾನ್ಸ್‌ಮಿಟರ್ ಆಫ್ ಆಗಿದೆ ಎಂದರ್ಥ. ಆ ಸದ್ದೂ ಇಲ್ಲದೆ ಪೂರ್ತಿ ನಿಶ್ಶಬ್ದವಿದ್ದರೆ ಟ್ರಾನ್ಸ್‌ಮಿಟರ್ ಓಡುತ್ತಿದೆ, ಸ್ಟುಡಿಯೊದಿಂದ ಗೋಪುರಕ್ಕೆ ಹೋಗುವ ಲಿಂಕ್ ಕೈಕೊಟ್ಟಿದೆ. ಇದು ಕೇಬಲ್ ತುಂಡಾದರೂ ಆಗುತ್ತದೆ, ಹಣಕಾಸಿಗೂ ಇದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ಮೂರನೆಯದನ್ನು ಮಾತ್ರ ಗಮನಿಸಿ: ಹಾಡು ಬರುತ್ತಿದೆ, ಆರ್‌ಜೆ ದನಿಯಿಲ್ಲ, ಜಾಹೀರಾತಿಲ್ಲ, ಎರಡು ಮೂರು ತಾಸಿಗೊಮ್ಮೆ ಅದೇ ಹಾಡುಗಳು ಮರಳುತ್ತಿವೆ. ಸಿಬ್ಬಂದಿ ಕಡಿಮೆ ಮಾಡಿ ಕಂಪ್ಯೂಟರಿಗೆ ಬಿಟ್ಟ ಕೇಂದ್ರ ಕೇಳಿಸುವುದು ಹೀಗೆ. ವಾರಗಟ್ಟಲೆ ಹೀಗೇ ನಡೆದರೆ ಎಚ್ಚರ ಒಳ್ಳೆಯದು.

ಎಫ್‌ಎಂ ಕಂಪನಿಗಳಿಗೆ ಕಷ್ಟ ಬಂದಿರುವುದು ಸುಳ್ಳಲ್ಲ. ದೇಶದ ರೇಡಿಯೊ ಜಾಹೀರಾತು ಆದಾಯ 2019ರಲ್ಲಿ ಸುಮಾರು 3,100 ಕೋಟಿ ರೂ. ಇದ್ದದ್ದು ಕೋವಿಡ್ ವರ್ಷದಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು, ಆಮೇಲೆ ಹಳೆಯ ಮಟ್ಟಕ್ಕೆ ಮರಳಲಿಲ್ಲ. ಖರ್ಚು ಮಾತ್ರ ಆದಾಯದ ಜತೆ ಇಳಿಯುವಂಥದ್ದಲ್ಲ. ಸರ್ಕಾರ ಖಾಸಗಿ ಕೇಂದ್ರಗಳಿಗೆ ಹಂತ ಹಂತವಾಗಿ ಪರವಾನಗಿ ಕೊಟ್ಟಿದೆ; ಈಗಿನ ಮೂರನೇ ಹಂತದ ಪರವಾನಗಿಯಲ್ಲಿ ವಾರ್ಷಿಕ ಶುಲ್ಕ ಒಟ್ಟು ಆದಾಯದ ಶೇ 4 ಅಥವಾ ಹರಾಜಿನಲ್ಲಿ ಕಟ್ಟಿದ ಪ್ರವೇಶ ಶುಲ್ಕದ ಶೇ 2.5, ಇವೆರಡರಲ್ಲಿ ಯಾವುದು ಹೆಚ್ಚೋ ಅದು. 2015ರ ಹರಾಜಿನಲ್ಲಿ ಬೆಂಗಳೂರಿನ ಒಂದು ತರಂಗಾಂತರ ಸುಮಾರು 109 ಕೋಟಿಗೆ ಹೋಯಿತು. ಅದರ ಶೇ 2.5 ಎಂದರೆ ವರ್ಷಕ್ಕೆ 2.7 ಕೋಟಿಗೂ ಮೇಲೆ. ಶೇ 4ರ ಲೆಕ್ಕದಲ್ಲಿ ಇಷ್ಟು ಶುಲ್ಕ ಬರಬೇಕಾದರೆ ಆ ಒಂದೇ ಕೇಂದ್ರಕ್ಕೆ ವರ್ಷಕ್ಕೆ 68 ಕೋಟಿ ಆದಾಯ ಬೇಕು. ಆದಾಯ ಹತ್ತು ಕೋಟಿಗೆ ಕುಸಿದರೂ ಶುಲ್ಕ ಇಳಿಯುವುದಿಲ್ಲ. ಈ ಗಂಟು ಬಿಚ್ಚಿ ಎಂದು ಪ್ರಸಾರ ಕ್ಷೇತ್ರದ ನಿಯಂತ್ರಕ ಸಂಸ್ಥೆ ಟ್ರಾಯ್ 2023ರ ಸೆಪ್ಟೆಂಬರಿನಲ್ಲಿ ಶಿಫಾರಸು ಮಾಡಿತು. 2024ರಲ್ಲಿ ಕೇಂದ್ರ ಸಂಪುಟ 234 ಹೊಸ ಊರುಗಳ ಹರಾಜಿಗೆ ಒಪ್ಪಿದಾಗ ಬರೀ ಶೇ 4 ಎಂದು ನಿಗದಿ ಮಾಡಿತು. ಹೊಸಬರಿಗೆ ಸಿಕ್ಕ ಈ ರಿಯಾಯಿತಿ ಹಳಬರಿಗೆ ಯಾಕಿಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದೇ.

ಹಾಡಿನ ರಾಯಧನದ್ದೂ ಇಂಥದ್ದೇ ಕಥೆ. 2010ರ ಆದೇಶದಂತೆ ನಿವ್ವಳ ಜಾಹೀರಾತು ಆದಾಯದ ಶೇ 2 ಕೊಟ್ಟರೆ ಮುಗಿಯುತ್ತಿತ್ತು. 2020ರ ಕೊನೆಯಲ್ಲಿ ಬಂದ ಆದೇಶ ಹಾಡು ಓಡಿದ ತಾಸಿಗೆ ಇಷ್ಟು ಎಂದು ದರ ಕಟ್ಟಿತು. ಜಾಹೀರಾತು ಇಲ್ಲದ ಹೊತ್ತಿನಲ್ಲೂ ಹಾಡಿನ ಮೀಟರ್ ಓಡುತ್ತದೆ.

ಇನ್ನು ಮಾರಾಟ. ಎಫ್‌ಎಂ ಪರವಾನಗಿಯನ್ನು ಅಂಗಡಿಯಂತೆ ಕೈಯಿಂದ ಕೈಗೆ ಕೊಡಲು ಬರುವುದಿಲ್ಲ. ಮಾಲೀಕತ್ವ ಬದಲಾಗಬೇಕಿದ್ದರೆ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಒಪ್ಪಿಗೆ ಬೇಕು. ವಿದೇಶಿ ಬಂಡವಾಳ ಶೇ 49 ದಾಟುವಂತಿಲ್ಲ. ಒಂದೇ ಊರಿನಲ್ಲಿ ಶೇ 40ಕ್ಕಿಂತ ಹೆಚ್ಚು ವಾಹಿನಿಗಳು ಒಬ್ಬರ ಕೈಯಲ್ಲಿ ಇರುವಂತಿಲ್ಲ. ಬಿಗ್ ಎಫ್‌ಎಂ ಉದಾಹರಣೆ ಸಾಕು. 2019ರಲ್ಲಿ ರೇಡಿಯೊ ಸಿಟಿಯ ಕಂಪನಿ ಅದನ್ನು 1,050 ಕೋಟಿ ಮೌಲ್ಯಕ್ಕೆ ಕೊಳ್ಳುವುದಾಗಿ ಘೋಷಿಸಿತು. ಸಚಿವಾಲಯದ ಒಪ್ಪಿಗೆ ಸಿಗದೆ ಅದು ಬಿದ್ದುಹೋಯಿತು. 2023ರ ಫೆಬ್ರುವರಿಯಲ್ಲಿ ಬಿಗ್ ಎಫ್‌ಎಂ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು. 2024ರ ಮೇ ತಿಂಗಳಲ್ಲಿ ಅದನ್ನು ಕೊಳ್ಳುವ ಸಫೈರ್ ಮೀಡಿಯಾದ ಯೋಜನೆಗೆ ಕಂಪನಿ ಕಾನೂನು ನ್ಯಾಯಮಂಡಳಿ ಒಪ್ಪಿತು. ಆ ಹೊತ್ತಿಗೆ ಮೊತ್ತ ಸುಮಾರು 261 ಕೋಟಿಗೆ ಬಂದಿತ್ತು. ಇಷ್ಟೆಲ್ಲ ಆದರೂ ನಡುವೆ ಪ್ರಸಾರ ನಿಲ್ಲಲಿಲ್ಲ ಎಂಬುದನ್ನು ಮರೆಯಬಾರದು. ಎರಡನೇ ಹಂತದಿಂದ ಮೂರನೆಯದಕ್ಕೆ ದಾಟಿದ ಕೇಂದ್ರಗಳ 15 ವರ್ಷದ ಅವಧಿ 2030ರ ಮಾರ್ಚ್‌ಗೆ ಮುಗಿಯುತ್ತದೆ. ಕೊಳ್ಳುವವನು ಉಳಿದ ವರ್ಷಗಳಿಗಷ್ಟೇ ಬೆಲೆ ಕಟ್ಟುತ್ತಾನೆ. ‘ನಾಳೆ ಬೆಳಗಾದರೆ ಹೊಸ ಮಾಲೀಕ’ ಎಂದು ಹಬ್ಬಿಸುವವರಿಗೆ ಈ ವ್ಯವಹಾರದ ಗತಿ ಗೊತ್ತಿಲ್ಲ.

ಕಂಪನಿ ಸುಮ್ಮನಿದೆ, ಅಂದರೆ ಸುದ್ದಿ ನಿಜ ಎಂಬ ತರ್ಕವೂ ನಿಲ್ಲದು. ಮಾಧ್ಯಮದ ಗಾಳಿಸುದ್ದಿಗೆ 24 ತಾಸಿನೊಳಗೆ ಸ್ಪಷ್ಟನೆ ಕೊಡಬೇಕೆಂಬ ಸೆಬಿ ನಿಯಮ ಷೇರುಪೇಟೆಯ ಮೊದಲ 250 ಕಂಪನಿಗಳಿಗೆ ಮಾತ್ರ. ರೇಡಿಯೊ ಕಂಪನಿಗಳು ಅಷ್ಟು ದೊಡ್ಡವಲ್ಲ. ಆದರೂ ನೋಡಲು ದಾರಿಯಿದೆ. ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಯಾವ ಬ್ಯಾಂಕಿಗೆ ಏನು ಅಡವಿದೆ ಎಂಬ ಪಟ್ಟಿ ಪುಕ್ಕಟೆ ಸಿಗುತ್ತದೆ. 100 ರೂ. ಕಟ್ಟಿದರೆ ಕಂಪನಿ ಸಲ್ಲಿಸಿದ ವಾರ್ಷಿಕ ಲೆಕ್ಕಪತ್ರವನ್ನೂ ತೆರೆದು ನೋಡಬಹುದು. ಹುಡುಕುವಾಗ ರೇಡಿಯೊದಲ್ಲಿ ಕೇಳುವ ಹೆಸರು ಹಾಕಿದರೆ ಏನೂ ಸಿಗುವುದಿಲ್ಲ, ನಿಮ್ಮ ಬಿಲ್ಲಿನ ಮೇಲಿರುವ ಕಂಪನಿಯ ಹೆಸರು ಹಾಕಬೇಕು.

ಈಗ ಹಣದ ವಿಷಯ. 20 ಸೆಕೆಂಡಿನ ಸ್ಪಾಟ್ (ಒಂದು ಸಲ ಓಡುವ ಜಾಹೀರಾತು), ದಿನಕ್ಕೆ 8, ಹದಿನೈದು ದಿನ ಎಂದರೆ 120 ಸ್ಪಾಟ್, 2,400 ಸೆಕೆಂಡು. ರೇಡಿಯೊದಲ್ಲಿ ದರ 10 ಸೆಕೆಂಡಿಗೆ ಇಷ್ಟು ಎಂದಿರುತ್ತದೆ. ಲೆಕ್ಕಕ್ಕೆ 300 ರೂ. ಎಂದಿಟ್ಟುಕೊಂಡರೆ 72,000 ರೂ., ಅದರ ಮೇಲೆ ಶೇ 18 ಜಿಎಸ್‌ಟಿ 12,960, ಒಟ್ಟು 84,960. ಇಷ್ಟನ್ನೂ ಒಂದೇ ಕಂತಿನಲ್ಲಿ ಮುಂಗಡ ಕಟ್ಟಿಸಿಕೊಂಡು ‘ಶೇ 20 ರಿಯಾಯಿತಿ’ ಕೊಡುವುದು ಕೈಯಲ್ಲಿ ಕಾಸಿಲ್ಲದ ಕೇಂದ್ರದ ಮೊದಲ ಲಕ್ಷಣ. ಕಾಲು ಭಾಗ ಮುಂಗಡ ಕೊಡಿ. ಉಳಿದದ್ದನ್ನು ಪ್ರತಿ ಐದು ದಿನಕ್ಕೊಮ್ಮೆ ಲಾಗ್ ಸರ್ಟಿಫಿಕೇಟ್ (ಯಾವ ಸ್ಪಾಟ್ ಯಾವಾಗ ಓಡಿತು ಎಂದು ಕೇಂದ್ರ ಕೊಡುವ ಪಟ್ಟಿ) ಬಂದ ಮೇಲೆ ಬಿಡುಗಡೆ ಮಾಡಿ. ಹೀಗೆ ಮಾಡಿದರೆ ಕೇಂದ್ರ ನಾಳೆ ಮುಚ್ಚಿದರೂ ನಿಮ್ಮ ನಷ್ಟ ಆ ಐದು ದಿನದ್ದೋ ಕಾಲು ಭಾಗದ್ದೋ ಆಗುತ್ತದೆ.

ಲಾಗ್ ಸರ್ಟಿಫಿಕೇಟನ್ನು ಫೈಲಿಗೆ ಸೇರಿಸುವ ಮೊದಲು ಓದಿ. ಪ್ರತಿ ಸಾಲಿನಲ್ಲಿ ದಿನಾಂಕ, ಗಂಟೆ-ನಿಮಿಷ-ಸೆಕೆಂಡು, ಸ್ಪಾಟಿನ ಹೆಸರು, ಅವಧಿ ಇರಬೇಕು. ಆರ್‌ಒದಲ್ಲಿ (ರಿಲೀಸ್ ಆರ್ಡರ್, ಅಂದರೆ ಕೇಂದ್ರಕ್ಕೆ ಕೊಡುವ ಜಾಹೀರಾತಿನ ಆದೇಶ) ‘ಬೆಳಿಗ್ಗೆ 7ರಿಂದ 11, ಸಂಜೆ 5ರಿಂದ 9’ ಎಂದಿದ್ದು ಸರ್ಟಿಫಿಕೇಟಿನಲ್ಲಿ 5.52, 6.38, ರಾತ್ರಿ 11.20 ಎಂದೆಲ್ಲ ಇದ್ದರೆ ನಿಮ್ಮ ಸ್ಪಾಟನ್ನು ಯಾರೂ ಕೊಳ್ಳದ ಹೊತ್ತಿಗೆ ತಳ್ಳಿದ್ದಾರೆ. ಎರಡು ಸ್ಪಾಟಿನ ನಡುವೆ ನಾಲ್ಕೈದು ನಿಮಿಷವಷ್ಟೇ ಇದ್ದರೆ, ಬಾಕಿ ಉಳಿದದ್ದನ್ನು ಒಟ್ಟಿಗೆ ತುರುಕಿದ್ದಾರೆ. ಆರ್‌ಒದಲ್ಲಿ ಹೊತ್ತು ಬರೆಯದೆ ‘ದಿನದ ಯಾವುದೇ ಸಮಯ’ ಎಂದು ಸಹಿ ಹಾಕಿದವರು ಆಮೇಲೆ ಜಗಳಾಡಿ ಪ್ರಯೋಜನವಿಲ್ಲ. ಓಡದ ಸ್ಪಾಟಿಗೆ ಬದಲಿ ಸ್ಪಾಟ್ ಇಂತಿಷ್ಟು ದಿನದೊಳಗೆ ಎಂದು ಬರೆಸಿಕೊಳ್ಳಿ. ಬಿಲ್ ಆಗಿ ಜಾಹೀರಾತು ಓಡದಿದ್ದರೆ ಕ್ರೆಡಿಟ್ ನೋಟ್, ಬಿಲ್ ಆಗದೆ ಬರೀ ಮುಂಗಡ ವಾಪಸ್ ಬಂದರೆ ರೀಫಂಡ್ ವೋಚರ್ ಕೇಳಿ ಪಡೆಯಿರಿ. 7,500 ರೂ. ಒಳಗಿನ ಬಾಡಿಗೆಯ ಕೋಣೆಗಳಿಗೆ 2025ರ ಸೆಪ್ಟೆಂಬರಿನಿಂದ ಜಿಎಸ್‌ಟಿ ಶೇ 5 ಆಗಿದೆ, ಆದರೆ ಇನ್‌ಪುಟ್ ಕ್ರೆಡಿಟ್ (ಕೊಂಡದ್ದರ ಮೇಲೆ ಕಟ್ಟಿದ ತೆರಿಗೆಯನ್ನು ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಇಲ್ಲ. ಹಾಗಾಗಿ ಸಣ್ಣ ರೆಸಾರ್ಟಿನವರಿಗೆ ಜಾಹೀರಾತಿನ ಮೇಲಿನ ಶೇ 18 ಶುದ್ಧ ಖರ್ಚೇ.

ನಮ್ಮ ಕಡೆ ಹೆಚ್ಚು ಪೆಟ್ಟು ಬೀಳುವುದು ಬಾರ್ಟರ್ ಲೆಕ್ಕದಲ್ಲಿ. ಕೇಂದ್ರ ಜಾಹೀರಾತು ಓಡಿಸುತ್ತದೆ, ರೆಸಾರ್ಟಿನವರು ಹಣದ ಬದಲು ಕೋಣೆಯ ವೋಚರ್ ಕೊಡುತ್ತಾರೆ. ಕೇಂದ್ರ ಆ ವೋಚರನ್ನು ಕೇಳುಗರಿಗೆ ಬಹುಮಾನವಾಗಿಯೋ ತನ್ನ ಇತರ ಗಿರಾಕಿಗಳಿಗೋ ಹಂಚುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಖಾಲಿ ಬಿದ್ದಿರುವ ಕೋಣೆ ಹೀಗೆ ಉಪಯೋಗಕ್ಕೆ ಬಂದರೆ ಒಳ್ಳೆಯದೇ. ಕೆಡುವುದು ಎಲ್ಲಿ ಎಂದರೆ, ವೋಚರ್ ಮೊದಲ ದಿನವೇ ಕೈಬಿಟ್ಟು ಹೋಗುತ್ತದೆ, ಸ್ಪಾಟ್ ಮಾತ್ರ ‘ಸಮಯ ಸಿಕ್ಕಾಗ’ ಓಡುತ್ತದೆ. ಮಾಲೀಕರು ಬದಲಾದರೆ ಹೊಸಬರು ಉಳಿದ ಸೆಕೆಂಡುಗಳ ಕಾಗದ ಎಲ್ಲಿ ಎಂದು ಕೇಳುತ್ತಾರೆ. ನಿಮ್ಮ ವೋಚರ್ ಹಿಡಿದು ಬಂದ ಕುಟುಂಬ ಮಾತ್ರ ಡಿಸೆಂಬರ್ 28ಕ್ಕೆ ಬಾಗಿಲಲ್ಲಿ ನಿಂತಿರುತ್ತದೆ. ಅವರನ್ನು ವಾಪಸ್ ಕಳಿಸಿದರೆ ಕೆಟ್ಟ ಹೆಸರು ನಿಮಗೇ. ಅದಕ್ಕೇ ವೋಚರನ್ನು ತಿಂಗಳ ಕಂತಿನಲ್ಲಿ ಕೊಡಿ, ಓಡಿದ ಸೆಕೆಂಡಿಗೆ ತಕ್ಕಷ್ಟೇ. ಪ್ರತಿಯೊಂದಕ್ಕೂ ಕ್ರಮಸಂಖ್ಯೆ, ಮುಕ್ತಾಯದ ದಿನ ಹಾಕಿ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ, ಗೋಕರ್ಣದವರಾದರೆ ಶಿವರಾತ್ರಿ ದಿನಗಳಲ್ಲಿ, ಸಾಲು ರಜೆಗಳಲ್ಲಿ ನಡೆಯುವುದಿಲ್ಲ ಎಂದು ವೋಚರಿನ ಮೇಲೆಯೇ ಅಚ್ಚು ಹಾಕಿಸಿ. ಮಾಲೀಕತ್ವ ಬದಲಾದರೂ ಒಪ್ಪಂದ ಮುಂದುವರಿಯುತ್ತದೆ ಎಂಬ ಒಂದು ಸಾಲು ಇರಲಿ. ಬಾರ್ಟರಿಗೂ ಜಿಎಸ್‌ಟಿ ಇದೆ, ಎರಡೂ ಕಡೆಯವರು ಬಿಲ್ ಹಾಕಬೇಕು. ‘ಹಣವೇ ಓಡಾಡಿಲ್ಲವಲ್ಲ’ ಎಂಬ ಸಮಜಾಯಿಷಿ ನಡೆಯುವುದಿಲ್ಲ. ಒಂದು ರೀತಿಯಲ್ಲಿ ಈ ಬಿಲ್ಲೇ ಒಳ್ಳೆಯದು: ಮುಂದೆ ಹಕ್ಕು ಕೇಳಲು ಉಳಿಯುವ ಕಾಗದ ಅದೊಂದೇ.

ನಿಜವಾಗಿಯೂ ದಿವಾಳಿ ಪ್ರಕ್ರಿಯೆ ಶುರುವಾದರೆ? ಆಮೇಲೆ ವಸೂಲಿಗೆ ಕೋರ್ಟಿಗೆ ಹೋಗುವಂತಿಲ್ಲ, ತಡೆ ಇರುತ್ತದೆ. ಮುಂಗಡ ಕೊಟ್ಟು ಸೇವೆ ಸಿಗದವರೂ ಕಾರ್ಯಾಚರಣೆಯ ಸಾಲಗಾರರೇ, ಅಂದರೆ ಕಂಪನಿಯಿಂದ ಬಾಕಿ ಬರಬೇಕಾದವರೇ, ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ನಮೂನೆ ‘ಬಿ’ಯಲ್ಲಿ ಆರ್‌ಒ, ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್, ಲಾಗ್ ಸಮೇತ ಅರ್ಜಿ ಹಾಕಬೇಕು. ಗಡುವು ಸಾಮಾನ್ಯವಾಗಿ 14 ದಿನ. ತಡವಾದರೆ ಕಾರಣ ಕೊಟ್ಟು ಕನಿಷ್ಠ 90 ದಿನದವರೆಗೆ ಹಾಕಬಹುದು. ತೊಡಕು ಎಲ್ಲಿದೆ ಎಂದರೆ, ಅರ್ಜಿ ಕರೆಯುವ ಪ್ರಕಟಣೆ ಬರುವುದು ಮುಖ್ಯವಾಗಿ ಕಂಪನಿಯ ನೋಂದಾಯಿತ ಕಚೇರಿ ಇರುವ ಊರಿನ ಪತ್ರಿಕೆಗಳಲ್ಲಿ. ಬೆಂಗಳೂರಿನಲ್ಲಿ ಕೇಳುವ ಕೇಂದ್ರದ ಕಂಪನಿ ಮುಂಬೈಯದಾಗಿದ್ದರೆ ಅದು ಅಲ್ಲಿನ ಇಂಗ್ಲಿಷ್, ಮರಾಠಿ ಪತ್ರಿಕೆಯಲ್ಲಿ ಬಂದು ಹೋಗಿರುತ್ತದೆ, ಕುಮಟಾದವರಿಗೆ ತಿಳಿಯುವುದೇ ಇಲ್ಲ. ದಿವಾಳಿ ಮಂಡಳಿಯ ಜಾಲತಾಣದಲ್ಲಿ ಎಲ್ಲ ಪ್ರಕಟಣೆಗಳೂ ಇರುತ್ತವೆ, ವಾರಕ್ಕೊಮ್ಮೆ ಕಂಪನಿ ಹೆಸರು ಹಾಕಿ ನೋಡಿದರೆ ಸಾಕು. ಬ್ಯಾಂಕುಗಳ ಪಾಲು ಹೋದ ಮೇಲೆ ಸಣ್ಣವರಿಗೆ ಉಳಿಯುವುದು ಅಲ್ಪಸ್ವಲ್ಪ, ಕೆಲವೊಮ್ಮೆ ಏನೂ ಇಲ್ಲ. ಅರ್ಜಿ ಹಾಕದಿದ್ದರೆ ಆ ಅಲ್ಪವೂ ಇಲ್ಲ.

ಓಡುತ್ತಿರುವ ಜಾಹೀರಾತನ್ನು ಈಗ ಏಕಾಏಕಿ ನಿಲ್ಲಿಸುವುದು ಬೇಡ ಎಂಬುದು ನಮ್ಮ ಅಭಿಪ್ರಾಯ. ಕೊಟ್ಟ ಹಣಕ್ಕೆ ಸ್ಪಾಟ್ ಓಡಿಸಿಕೊಳ್ಳುವುದು ಹಣ ವಾಪಸ್ ಪಡೆಯುವುದಕ್ಕಿಂತ ಸುಲಭ. ಬಾಕಿ ಸೆಕೆಂಡು ಇದ್ದವರು ಸೀಸನ್ನಿಗೆ ಕಾಯದೆ ಈಗಲೇ ಬಳಸಿಕೊಳ್ಳಿ. ಇಂಥ ಹೊತ್ತಿನಲ್ಲೇ ‘ಆಡಳಿತ ಬದಲಾಗಿದೆ, ಇನ್ನು ಮುಂದೆ ಈ ಖಾತೆಗೆ ಹಣ ಹಾಕಿ’ ಎಂದು ಬರುವ ಇಮೇಲ್, ವಾಟ್ಸ್‌ಆ್ಯಪ್ ಸಂದೇಶಗಳನ್ನು ನಂಬಬೇಡಿ. ಹಳೆಯ ಬಿಲ್ಲಿನಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ ವಿಚಾರಿಸಿ. ಹೊಸ ಖಾತೆಯ ಹೆಸರೂ ಬಿಲ್ಲಿನ ಮೇಲಿನ ಕಂಪನಿಯ ಹೆಸರೂ ಒಂದೇ ಇದೆಯೇ ನೋಡಿ. ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಸಹಿ ಮಾಡಿದ ಪತ್ರ ಕೈಗೆ ಬರುವವರೆಗೆ ಒಂದು ರೂಪಾಯಿಯನ್ನೂ ಹಾಕಬೇಡಿ.

ಇತಿ,
ರೇಡಿಯೊ ಜಾಹೀರಾತು ಬುಕಿಂಗ್ ನಿರ್ವಹಿಸುವ ಕೆಲವರು
ಕಾರವಾರ, ಕುಮಟಾ, ಶಿರಸಿ