ಟೈರಿನ ವಯಸ್ಸು ಕೇಳಿ ತೆಗೆದುಕೊಳ್ಳಿ

ಸಂಪಾದಕರಿಗೆ ನಮಸ್ಕಾರ,

ಮಳೆಗಾಲ ಹತ್ತಿರ ಬಂದರೆ ನಮ್ಮ ಕಡೆ ಬೈಕಿನ ಟೈರ್ ಬದಲಿಸುವವರು ಜಾಸ್ತಿ. ರೇಟು ಕೇಳುತ್ತೇವೆ, ಕಂಪನಿ ಕೇಳುತ್ತೇವೆ. ಟೈರ್ ಎಷ್ಟು ಹಳೆಯದು ಅಂತ ಯಾರೂ ಕೇಳುವುದಿಲ್ಲ.

ನಾನು ಸೇಡಂನಿಂದ ಮಳಖೇಡದ ಕಡೆ ದಿನಾ ಬೈಕಿನಲ್ಲೇ ಶಾಲೆಗೆ ಹೋಗುವ ಶಿಕ್ಷಕ. ಈಚೆಗೆ ಒಂದು ಅಂಗಡಿಯಲ್ಲಿ "ಹೊಸ ಮಾಲು ಸರ್" ಎಂದು ಕೊಟ್ಟ ಟೈರಿನ ಪಕ್ಕದಲ್ಲಿ 3119 ಎಂದಿತ್ತು. ಅಂದರೆ 2019ರ 31ನೇ ವಾರ ತಯಾರಾದದ್ದು. ಬೇಡ ಅಂದೆ. ಗೊಣಗುತ್ತಲೇ ಒಳಗಿನಿಂದ ಬೇರೆ ತಂದರು.

ರಬ್ಬರ್ ಇಟ್ಟಲ್ಲೇ ಗಟ್ಟಿಯಾಗುತ್ತದೆ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ತಗಡಿನ ಶೆಡ್ಡಿನಲ್ಲಿ ವರ್ಷಗಟ್ಟಲೆ ಇಟ್ಟ ಟೈರಿನ ಗತಿ ಏನು ಹೇಳಿ? ಗಟ್ಟಿಯಾದ ಟೈರ್ ಒದ್ದೆ ರಸ್ತೆಯನ್ನು ಸರಿಯಾಗಿ ಹಿಡಿಯುವುದಿಲ್ಲ. ಹೊಲದಿಂದ ಬಂದ ಟ್ರ್ಯಾಕ್ಟರ್ ಬೀಳಿಸಿದ ಎರೆಮಣ್ಣು ಡಾಂಬರಿನ ಮೇಲೆ ನೆನೆದಿದ್ದರಂತೂ ಬ್ರೇಕ್ ಒತ್ತಿದ ಕೂಡಲೇ ಜಾರುತ್ತದೆ. ಹಿಂದೆ ಸಿಮೆಂಟ್ ಲಾರಿ ಇದ್ದರೆ?

ಸವೆದ ಟೈರಿಗೆ ಹೊಸದಾಗಿ ಗೀರು ಕೊಯ್ದು ಮಾರುವವರೂ ಇದ್ದಾರೆ. ಬೈಕ್ ಟೈರಿನ ಗೀರಿನ ಆಳ 0.8 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು ಅಂತ ನಿಯಮವೇ ಇದೆ. ಇನ್ನು ಹುಡುಗರು ಸುಮ್ನೆ ನೋಟಕ್ಕೆ ಅಂತ ಅಗಲದ ಟೈರ್ ಹಾಕಿಸುತ್ತಾರೆ. ದಯವಿಟ್ಟು ಬೇಡ. ಬೈಕ್ ಜೊತೆ ಬಂದ ಅಳತೆಯನ್ನೇ ಹಾಕಿಸಿ, ಐಎಸ್‌ಐ ಗುರುತು ನೋಡಿ.

ತಯಾರಾದ ವಾರ, ವರ್ಷವನ್ನು ಅಂಗಡಿಯವರು ಬಿಲ್ಲಿನಲ್ಲೇ ಬರೆದುಕೊಡಬೇಕು. ಮಳೆಗಾಲಕ್ಕೆ ಮುಂಚೆ ಅಧಿಕಾರಿಗಳು ಟೈರ್ ಅಂಗಡಿಗಳನ್ನು ಒಮ್ಮೆ ತಪಾಸಣೆ ಮಾಡಲಿ.

– ಒಬ್ಬ ಶಿಕ್ಷಕ, ಸೇಡಂ, ಕಲಬುರಗಿ ಜಿಲ್ಲೆ